ಟೈಲರಮ್ಮನ ಬ್ಯಾನರು

ನಮ್ಮ ಕಾಲೇಜಿನ ಹಿಂದಿನ ಬೀದಿಯ ಟೈಲರಮ್ಮನಿಗೆ ಸಿಟ್ಟು ಬರುವುದೇ ಇಲ್ಲ. ಒಮ್ಮೆ ಬಂದದ್ದು ಹೋಗಿದ್ದರೆ ತಾನೇ ಮತ್ತೆ ಬರಲು! ಯುದ್ಧ ಬೇಡವೆಂದು ಮೆರವಣಿಗೆ ಹೊರಡುವ ನಾವು ಬ್ಯಾನರಿಗಾಗಿ ಅವರ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಹೊಲಿಗೆ ಮಿಷನ್ನಿನ ಸದ್ದನ್ನೂ ಮೀರಿಸಿ ಬೈಗುಳ ಶುರುವಾಗುತ್ತದೆ: “ಹೋದ ಸಲ ಕೆಸರು ಮಾಡ್ಕೊಂಡು ತಂದ್ರಿ. ಈ ಸಲ ಹಾಗೇನಾದ್ರೂ ಆದ್ರೆ ನಿಮ್ಮನ್ನೇ ಒಗೆದು ಒಣಹಾಕ್ತೀನಿ!” ಗಾಳಿಗೆ ಬಟ್ಟೆ ಉಬ್ಬದಿರಲೆಂದು ಅಲ್ಲಲ್ಲಿ ಬಿಟ್ಟ ಸೀಳುಗಳ ಅಂಚನ್ನು ಮತ್ತೆ ಹೊಲಿಯುತ್ತಾರೆ, ಕೋಲು ತೂರಿಸುವ ಜಾಗವನ್ನು ಜಗ್ಗಿ ಜಗ್ಗಿ ನೋಡುತ್ತಾರೆ, ಮೆರವಣಿಗೆಯ ಮುಂದಿನ ಸಾಲಿನಲ್ಲೇ ನಡೆದು, ಲಾಠಿ ಹಿಡಿದ ಪೊಲೀಸಪ್ಪನಿಗೂ “ದೂರ ನಿಲ್ಲಪ್ಪಾ, ಬಟ್ಟೆ ಹರಿಯತ್ತೆ” ಎಂದು ಗದರುತ್ತಾರೆ. ಇಪ್ಪತ್ತು ವರ್ಷದಿಂದ ಬ್ಯಾನರು ಮಾತ್ರ ಒಂದೇ. “ಮೇಲೆ ಬಾಂಬ್ ಹಾಕಬೇಡಿ” ಎಂಬ ಅಕ್ಷರಗಳದು ಗಟ್ಟಿ ಹೊಲಿಗೆ. ಅದಕ್ಕೂ ಮೊದಲು ಬರುವ ದೇಶದ ಹೆಸರು ಬೇರೆಯೇ ತುಂಡು ಬಟ್ಟೆ, ಟಿಚ್ ಬಟನ್ನಿನಿಂದ ಕೂರಿಸಿದ್ದು. ಯುದ್ಧ ನಿಂತ ದಿನ ಟೈಲರಮ್ಮ ಆ ಹೆಸರನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಾರೆ. “ಮುಗೀತಲ್ಲ, ಬಿಸಾಕಿ ಟೈಲರಮ್ಮ” ಎಂದು ಎರಡು ವರ್ಷದ ಹಿಂದೆ ನಾನೊಮ್ಮೆ ಅಂದಿದ್ದೆ. “ಮುಚ್ಚು ಬಾಯಿ” ಎಂದಿದ್ದರು. ಮೊನ್ನೆ ಬೆಳಿಗ್ಗೆ ಯುದ್ಧದ ಸುದ್ದಿ ಕೇಳಿದವರೇ ದೇಶದ ಹೆಸರು ಹೊಲಿಸಲೆಂದು ಹೊಸ ಬಟ್ಟೆ ಹಿಡಿದು ಓಡಿದೆವು. ಟೈಲರಮ್ಮ ಬೈಯಲಿಲ್ಲ. ಡಬ್ಬಿ ತೆರೆದು, ನಾನು ಬಿಸಾಕಿ ಅಂದಿದ್ದ ಅದೇ ಹೆಸರನ್ನು ಹೊರತೆಗೆದು, ಒಂದೊಂದೇ ಬಟನ್ ಒತ್ತಿದರು. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ.