ಸುನಂದಾ ಸಹಿ ಹಾಕದ ವರದಿ

ಕೋವಿಡ್ ಮುಗಿದ ಮರುವರ್ಷ. ಪುಣೆಯ ನಿಗಡಿ ಹತ್ತಿರ, ಬ್ರೇಕಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನುಷ್ಯರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬವೂ ಇತ್ತು.

ನನ್ನ ಕೈಕೆಳಗೆ ವಿಜಯಪುರದ ಸುನಂದಾ ಎಂಬ ಇಂಜಿನಿಯರ್ ಇದ್ದಳು. ಆ ಸಲ ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಅವಳದೇ ಸರದಿ. ಮಾಲಿನಲ್ಲಿ ದೋಷ ಕಂಡರೆ ಉತ್ಪಾದನೆಯನ್ನೇ ತಡೆಯುವ ಅಧಿಕಾರ ನಮ್ಮ ವಿಭಾಗಕ್ಕಿತ್ತು. ಅದಕ್ಕೆ ‘ಲೈನ್ ಸ್ಟಾಪ್’ ಎನ್ನುತ್ತಿದ್ದೆವು. ಒಂದು ದಿನ ಕೂದಲೆಳೆಯಷ್ಟು ಬಿರುಕು ಕಂಡು ಅವಳು ನಲವತ್ತು ನಿಮಿಷ ಲೈನ್ ನಿಲ್ಲಿಸಿದಳು. ಪ್ರೊಡಕ್ಷನ್‌ನವರು ಕೂಗಾಡಿದರು, ಅವಳೂ ದನಿ ಏರಿಸಿದಳು. ಬಿರುಕು ಇದ್ದದ್ದು ನಿಜವೇ ಆಗಿತ್ತು.

ಆದರೂ ಅವಳ ಅಪ್ರೈಸಲ್‌ನಲ್ಲಿ, ಅಂದರೆ ವಾರ್ಷಿಕ ಮೌಲ್ಯಮಾಪನದ ವರದಿಯಲ್ಲಿ, ನಾನು ಬರೆದದ್ದರ ಸಾರ ಇಷ್ಟು: ‘ಕೆಲಸ ಚೊಕ್ಕ. ಮಾತು ಬಿರುಸು. ಹೊಂದಿಕೊಂಡು ಹೋಗುವುದನ್ನು ಕಲಿಯಬೇಕು. ಬಡ್ತಿ ಒಂದು ವರ್ಷ ಮುಂದಕ್ಕೆ.’ ವರದಿಯನ್ನು ನೌಕರರಿಗೆ ತೋರಿಸಿ ಸಹಿ ಪಡೆಯುವುದು ನಿಯಮ. ಸುನಂದಾ ಎರಡು ಸಲ ಓದಿ ಪೆನ್ನು ಕೆಳಗಿಟ್ಟಳು.

“ಸರ, ಹೋದ ವರ್ಷ ನಮ್ಮ ವಿಭಾಗದ ದೇಸಾಯರು ಲೈನ್ ನಿಲ್ಲಿಸಿ ಮಂದಿಗೆ ಬೈದಾಗ ಅವರಿಗೂ ಹಿಂಗ ಬರದಿದ್ರೇನ್ರಿ?”

ನನಗೆ ಸಿಟ್ಟು ಬಂತು. “ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ, ತಂಗಿ.”

“ಅವರಿಗೆ ಸಾಹೇಬ್ರ ಅಂತೀರಿ. ನನಗ ಯಾಕ್ರಿ ತಂಗಿ?”

ಅವಳು ಹೋದ ಮೇಲೆ, ಅವಳ ಮಾತು ಸುಳ್ಳು ಮಾಡಬೇಕೆಂದೇ ದೇಸಾಯಿಯ ಹಳೆಯ ಫೈಲು ತೆಗೆದೆ. ನನ್ನದೇ ಅಕ್ಷರ: ‘ಖಡಕ್ ಮನುಷ್ಯ. ಯಾರ ಮುಲಾಜಿಗೂ ಬಗ್ಗುವುದಿಲ್ಲ. ಕೂಡಲೇ ಬಡ್ತಿ ಕೊಡಬೇಕು.’ ನಾಚಿಕೆಯಿಂದ ಮುಖ ಬಿಸಿಯಾಯಿತು.

ಎರಡೂ ಫೈಲು ಹಿಡಿದು ಪ್ಲಾಂಟ್ ಹೆಡ್ ಬಳಿ ಹೋಗಿ, ತಪ್ಪು ನನ್ನದು ಎಂದೆ. ಅವರು ನಕ್ಕು, “ಪೋರ್ಗೀ ಫಾರ್ ತಿಖಟ್ ಆಹೇ” ಎಂದರು. ಹುಡುಗಿ ಬಲು ಖಾರ ಎಂದರ್ಥ. ದೇಸಾಯಿಯೂ ಖಾರವೇ ಸಾಹೇಬ್ರೆ, ಎಂದೆ. ಅವರು ನಗು ನಿಲ್ಲಿಸಿ ಎರಡನ್ನೂ ಓದಿದರು. ಬಡ್ತಿ ಮಂಜೂರಾಯಿತು.

ಸುದ್ದಿ ಹೇಳಿ, ಅವಳ ಕೃತಜ್ಞತೆಗಾಗಿ ಕಾದೆ. ಆ ಆಸೆಯೂ ಒಂದು ತಪ್ಪೇ.

“ನಂದು ನನಗ ಕೊಟ್ರಿ ಸರ. ಇಷ್ಟಕ್ಕ ಎಷ್ಟ್ ಜಗಳಾ ನೋಡ್ರಿ,” ಎಂದು ಹೊಸ ವರದಿಗೆ ಸಹಿ ಹಾಕಿದಳು.

ಅಲ್ಲಿಂದಾಚೆ ಯಾವ ಹೆಣ್ಣುಮಗಳ ಬಗ್ಗೆ ಬರೆದರೂ, ಅಲ್ಲೊಂದು ಗಂಡಸಿನ ಹೆಸರಿಟ್ಟು ಓದುತ್ತಿದ್ದೆ. ಎಷ್ಟೋ ಸಲ ಬರೆದದ್ದನ್ನು ಹೊಡೆದುಹಾಕಬೇಕಾಯಿತು. ಆದರೆ ಸುನಂದಾಳಿಗಿಂತ ಮುಂಚೆ ಮೂವತ್ತು ವರ್ಷ, ನನ್ನೆದುರು ಒಂದು ಮಾತೂ ಆಡದೆ ಸಹಿ ಹಾಕಿ ಹೋದ ಹೆಣ್ಣುಮಕ್ಕಳಿದ್ದಾರಲ್ಲ, ಅವರ ವರದಿಗಳನ್ನು ತಿದ್ದಲು ನನ್ನಿಂದ ಆಗಲಿಲ್ಲ.