ಖಾನಾಪುರದಲ್ಲಿ ಓದದೇ ಉಳಿದ ಪ್ರಬಂಧಗಳು

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳಗಾವಿಯಲ್ಲಿ ಎಂ.ಎ. ಓದುತ್ತಿದ್ದ ನಾವು ಮೂವರು, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ನನ್ನ ವಿಷಯ ಕಂಪನಿ ನಾಟಕಗಳ ಸಂಗೀತ. ನನ್ನ ರೂಮಿನ ಗೆಳತಿಯದು ಹೆಣ್ಣು ಪಾತ್ರ ಮಾಡುತ್ತಿದ್ದ ಗಂಡಸರು. ಖಾನಾಪುರದಿಂದ ಬಂದು ಹಾಸ್ಟೆಲಿನಲ್ಲಿದ್ದ ಗೆಳೆಯ ಟೆಂಟ್ ಸಿನಿಮಾ ಹಿಡಿದುಕೊಂಡಿದ್ದ. "ಸಿನಿಮಾ ನೋಡಾಕೂ ಡಿಗ್ರಿ ಬೇಕೇನೋ?" ಎಂದು ನಮ್ಮ ಪ್ರೊಫೆಸರರು ಅವನನ್ನು ಕಾಡುತ್ತಿದ್ದರು.

ಒಂದು ಭಾನುವಾರ ಅವನ ಊರಿನ ವಾಚನಾಲಯದಲ್ಲಿ ಮೂರೂ ಪ್ರಬಂಧ ಓದುವುದೆಂದು ನಿಗದಿಯಾಯಿತು. ಪ್ರೊಫೆಸರರೇ ಅಧ್ಯಕ್ಷರು. ಬೋರ್ಡು ಬರೆಯುವ ಕೆಲಸ ಗೆಳೆಯನದು. ಕನ್ನಡದಲ್ಲೂ ಮರಾಠಿಯಲ್ಲೂ 'ಸಂಗೀತ, ನಾಟಕ, ಸಿನಿಮಾ' ಎಂದು ದಪ್ಪಗೆ ಬರೆಯುವಷ್ಟರಲ್ಲಿ ಜಾಗ ಮುಗಿದು, 'ಪ್ರಬಂಧ ವಾಚನ' ಎಂಬುದು ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಕೂತಿತ್ತು.

ನಾವು ರೈಲಿಳಿದು ಹೋದಾಗ ವಾಚನಾಲಯ ತುಂಬಿ, ಹೊರಗಿನ ಕಟ್ಟೆಯೂ ತುಂಬಿತ್ತು. ಜನ ಚಾಪೆ ಹಾಸಿಕೊಂಡು, ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಶೇಂಗಾ ಬಿಡಿಸುತ್ತ ಕೂತಿದ್ದರು. ಸಂಶೋಧನೆಗೆ ಇಷ್ಟು ಮರ್ಯಾದೆಯೇ ಎಂದು ನನ್ನ ಎದೆ ಉಬ್ಬಿತು. ಮೊದಲ ಪುಟ ಓದಿ ಹಾಳೆ ಹೊರಳಿಸುವಾಗ ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೇಳಿದಳು:

"ಸಿನಿಮಾ ಯಾವಾಗ ಹಚ್ಚತೀರವಾ?"

ಆಗ ಗೊತ್ತಾಯಿತು. ನಾನೂ ಗೆಳತಿಯೂ ಗೆಳೆಯನನ್ನು ನುಂಗುವಂತೆ ನೋಡಿದೆವು. ಅವನು ಬೋರ್ಡು ನೋಡಿದ. ಪ್ರೊಫೆಸರರು ಛಾವಣಿ ನೋಡಿದರು.

"ಓದೂದು ಸಾಕವಾ, ಹಾಡು," ಎಂದಳು ಅಜ್ಜಿ.

ಹಾಡಿದೆ. ಹಾಳೆಯಲ್ಲಿ ವಿವರಿಸಿದ್ದ ಮಟ್ಟುಗಳನ್ನೆಲ್ಲ ಹಾಡಿದೆ. ಹಿಂದಿನ ಸಾಲಿನವರು ಅದೇ ಮಟ್ಟಿಗೆ ಮರಾಠಿ ಮಾತು ಹಾಕಿ ನನಗಿಂತ ಜೋರಾಗಿ ಹಾಡಿದರು. ಗೆಳತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೆಣ್ಣು ವೇಷದ ಗಂಡಸು ಹೇಗೆ ಬಳುಕುತ್ತಾನೆಂದು ನಡೆದು ತೋರಿಸಿದಳು. "ಇನ್ನೊಮ್ಮಿ, ಇನ್ನೊಮ್ಮಿ!" ಎಂದು ಹೆಂಗಸರು ಅವಳನ್ನು ಮತ್ತೆ ಮತ್ತೆ ನಡೆಸಿದರು.

ಉಳಿದದ್ದು ಸಿನಿಮಾ. ಗೆಳೆಯ ಎದ್ದು ನಿಂತ. "ಪರದೆ ಇಲ್ಲ, ಮಷೀನ್ ಇಲ್ಲ. ನಾನ ಸಿನಿಮಾ, ನೋಡ್ರಿ!"

ನಾಯಕನಾಗಿ ಮೀಸೆ ತಿರುವಿದ, ಖಳನಾಗಿ ತನ್ನ ಕುತ್ತಿಗೆಯನ್ನು ತಾನೇ ಹಿಡಿದುಕೊಂಡ, ನಾಯಕಿಯಾಗಿ ಕುರ್ಚಿ ಹತ್ತಿ ಅತ್ತ. ಕುದುರೆ ಓಡುವ ದೃಶ್ಯ ಬಂದಾಗ ಮೇಜಿನ ಮೇಲೆ ಟಕಟಕ ಸದ್ದು. ಯಾರೆಂದು ನೋಡಿದರೆ ನಮ್ಮ ಅಧ್ಯಕ್ಷರು! ಕೋಟಿನ ತೋಳು ಮಡಚಿ ಎರಡೂ ಕೈಯಿಂದ ಕುದುರೆ ಓಡಿಸುತ್ತಿದ್ದರು.

ನಾಯಕಿ ನದಿಗೆ ಬಿದ್ದಳು. ಅಷ್ಟರಲ್ಲಿ ರೈಲಿನ ಹೊತ್ತಾಯಿತು. ಓಡಿದೆವು. ಜನ ಚಾಪೆ ಸುತ್ತಿಕೊಂಡು ಸ್ಟೇಷನ್ನಿನವರೆಗೂ ಬೆನ್ನುಹತ್ತಿದರು.

"ಸತ್ತಳೋ ಬದುಕಿದಳೋ? ಹೇಳಿ ಹೋಗೋ ತಮ್ಮಾ!"

ಗೆಳೆಯ ಹೊರಟ ರೈಲಿನ ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಬದುಕಿದಳ್ರೀ! ಲಗ್ನಾನೂ ಆತು!"

ಪ್ಲಾಟ್‌ಫಾರ್ಮಿನಲ್ಲಿ ಶಿಳ್ಳೆಯೋ ಶಿಳ್ಳೆ.

ಕೂತ ಮೇಲೆ ಪ್ರೊಫೆಸರರು ಕೇಳಿದರು, "ಯಾವ ಸಿನಿಮಾನೋ ಅದು?"

"ಹೆಸರು ಗೊತ್ತಿಲ್ರೀ ಸರ್. ಸಣ್ಣಾಂವ ಇದ್ದಾಗ ನೋಡಿದ್ದು. ಆಕಿ ನದಿಗೆ ಬಿದ್ದಳು, ಅದ ಹೊತ್ತಿಗೆ ಗಾಳಿಗೆ ಟೆಂಟ್ ಹಾರಿಹೋತು. ಬದುಕಿದಳೋ ಇಲ್ಲೋ ನನಗೂ ಗೊತ್ತಿಲ್ಲ."

ಪ್ರೊಫೆಸರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅದನ್ನ ಬರಿಯೋ ಮಾರಾಯಾ! ಅದ ನಿನ್ನ ಮೊದಲನೇ ಅಧ್ಯಾಯ!" ಎನ್ನುವಷ್ಟರಲ್ಲಿ ನಗು ಅವರ ಮಾತನ್ನು ನುಂಗಿತು. ಅವರನ್ನು ನೋಡಿ ನಾವು, ನಮ್ಮನ್ನು ನೋಡಿ ಅವರು. ಎದುರಿಗೆ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಸಂಗತಿ ಏನೆಂದೇ ತಿಳಿಯದೆ, ಬುಟ್ಟಿ ಕುಲುಕುವ ಹಾಗೆ ನಗಲು ಶುರು ಮಾಡಿದಳು.