ಪಿನ್ನರ್‌ನಲ್ಲಿ ಕೋವಿಗೆ ಅರ್ಜಿ

ಗಂಡ ತೀರಿಕೊಂಡ ಮರುವರ್ಷ ನಾನು ಕೋವಿಗೆ ಅರ್ಜಿ ಹಾಕಿದೆ. ಲಂಡನ್ನಿನ ಅಂಚಿನ ಪಿನ್ನರ್‌ನ ಫ್ಲ್ಯಾಟಿನಲ್ಲಿ ಭಾನುವಾರಗಳು ಮುಗಿಯುತ್ತಲೇ ಇರಲಿಲ್ಲ. ಊರಾಚೆಯ ಕ್ಲಬ್ಬೊಂದರಲ್ಲಿ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಗುಂಡು ಹೊಡೆಯುತ್ತಾರೆಂದು ತಿಳಿದಾಗ, ಬಹಳ ದಿನಗಳ ಮೇಲೆ ಏನಾದರೂ ಮಾಡಬೇಕೆನಿಸಿತು.

ನಾನು ಕೊಡಗಿನವಳು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಅಣ್ಣಂದಿರನ್ನು ಸೋಲಿಸಿದವಳು. ಕೋವಿಯ ಲೈಸೆನ್ಸಿನಿಂದ ನಮ್ಮವರಿಗೆ ಕೇಂದ್ರ ಸರ್ಕಾರವೇ ವಿನಾಯಿತಿ ಕೊಟ್ಟಿದೆ. ಆದರೂ ವಿನಾಯಿತಿ ಪತ್ರಕ್ಕೆ ಮಡಿಕೇರಿಯ ಡಿಸಿ ಆಫೀಸಿಗೇ ಹೋಗಬೇಕು. ಅಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಗುಮಾಸ್ತರು ಅಜ್ಜನ ಕಾಲದ ಕಥೆ ತೆಗೆಯುತ್ತಾರೆ. ಇಲ್ಲಿ ಕಾನೂನು ಇಡೀ ದೇಶದ್ದು, ವಿಚಾರಿಸುವವರು ಲಂಡನ್ನಿನ ಪೊಲೀಸರು, ಆರೋಗ್ಯದ ಬಗ್ಗೆ ಹೇಳಬೇಕಾದವರು ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು. ಇಷ್ಟು ಸಾಲದೆಂಬಂತೆ, ನೆಂಟರಲ್ಲದ ಪರಿಚಯಸ್ಥರೂ ನನ್ನ ಪರವಾಗಿ ಹೇಳಿಕೆ ಕೊಡಬೇಕು.

ಯಾರನ್ನು ಕೇಳಲಿ? ಪಕ್ಕದ ಫ್ಲ್ಯಾಟಿನಾಕೆಯ ಹೆಸರೂ ನನಗೆ ಗೊತ್ತಿರಲಿಲ್ಲ. ಕೊನೆಗೆ ಕಿಂಗ್ಸ್‌ಬರಿಯಲ್ಲಿ ತರಕಾರಿ ಅಂಗಡಿ ಇಟ್ಟಿರುವ ಕುಂದಾಪುರದ ಹೆಂಗಸಿನ ಮುಂದೆ ನಿಂತೆ.

“ನಿಮ್ಗೆ ಕೋವಿ ಎಂತಕ್ಕೆ ಅಕ್ಕ?” ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, “ಹೇಳ್ತೆ ಬಿಡಿ. ಆದ್ರೆ ಪೊಲೀಸ್ರು ಕೇಂಡ್ರೆ ಎಂತ ಹೇಳೂದು? ನಿಮ್ಗೆ ಬಸಳೆ ಇಷ್ಟ ಅಂಬುದ್ ಬಿಟ್ರೆ ನಂಗೆಂತದೂ ಗೊತ್ತಿಲ್ಲ” ಅಂದಳು.

ಒಂದು ಮಧ್ಯಾಹ್ನ ಪೊಲೀಸ್ ಅಧಿಕಾರಿ ಮನೆಗೇ ಬಂದರು. ಇನ್ನೂ ಎಳೆ ಮುಖದ ಇಂಗ್ಲಿಷ್ ಹೆಣ್ಣುಮಗಳು. ಕೋವಿಯನ್ನು ಎಲ್ಲಿಡುತ್ತೀರಿ, ನಿದ್ದೆ ಬರುತ್ತದೆಯೇ ಎಂದೆಲ್ಲ ಮೃದುವಾಗಿ ವಿಚಾರಿಸಿದರು.

“ಮನೆಗೆ ಯಾರೆಲ್ಲ ಬಂದು ಹೋಗುತ್ತಾರೆ?”

“ನೀವು ಬಂದಿದ್ದೀರಲ್ಲ” ಎಂದೆ.

ಆಕೆ ಪೆನ್ನು ಕೆಳಗಿಟ್ಟರು. ನಾನು ಕಾಫಿ ಮಾಡಿದೆ. ಗಂಡನ ಕೊನೆಯ ವಾರ, ಆಸ್ಪತ್ರೆಯ ಕುರ್ಚಿ, ಆಮೇಲೆ ಖಿನ್ನತೆಗೆಂದು ಜಿಪಿ ಬರೆದುಕೊಟ್ಟ ಮಾತ್ರೆ, ಊರಿನ ಅಕ್ಕನಿಗೂ ಹೇಳದಿದ್ದದ್ದನ್ನೆಲ್ಲ ಆಕೆಯ ಮುಂದೆ ಹೇಳಿಬಿಟ್ಟೆ. ಹೇಳುತ್ತಿರುವಾಗಲೇ ಗೊತ್ತಾಗುತ್ತಿತ್ತು, ಈ ಮಾತುಗಳೇ ಅರ್ಜಿಗೆ ಅಡ್ಡ ಬರುತ್ತವೆಂದು. ಆದರೂ ನಿಲ್ಲಿಸಲಾಗಲಿಲ್ಲ.

ಕೆಲವು ವಾರಗಳ ನಂತರ ಆಕೆಯೇ ಫೋನ್ ಮಾಡಿದರು. “ಈಗ ಬೇಡ. ನಿಮ್ಮದೇನೂ ತಪ್ಪಿಲ್ಲ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಹಾಕಿ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸರಿ ಎಂದೆ. ಆದರೆ ಫೋನ್ ಇಡಲು ಮನಸ್ಸಾಗದೆ, ನಿಮ್ಮ ಕಡೆ ಮಳೆ ಇದೆಯೇ ಎಂದು ಕೇಳಿದೆ.